ಅಕ್ಕನ ಪೆಟ್ಟಿಗೆ, ಲಿಸಿಯಾತೆಯ ಮೇಜು

ನನ್ನ ಗಂಡ ಲಿಸಿಯಾತೆ ತೀರಿಕೊಂಡು ಹನ್ನೊಂದು ತಿಂಗಳಾಯಿತು. ನಮ್ಮ ಪದ್ಧತಿಯಂತೆ ಇನ್ನೊಂದು ತಿಂಗಳು ನಾನು ಶೋಕಕ್ಕೆ ಕಪ್ಪು ಉಟ್ಟು, ಸೊಂಟಕ್ಕೆ ಈ ಹರಕು ಚಾಪೆ ಸುತ್ತಿಕೊಂಡೇ ಇರಬೇಕು. ಕುಳಿತರೆ ಚುಚ್ಚುತ್ತದೆ, ನಿಂತರೆ ಕೆರೆಯುತ್ತದೆ. ಅವನಿದ್ದಿದ್ದರೆ ನೋಡಿ ನಕ್ಕಿರುತ್ತಿದ್ದ. ಅವನಿದ್ದಿದ್ದರೆ ಚಾಪೆ ಸುತ್ತುವ ಪ್ರಮೇಯವೇ ಇರುತ್ತಿರಲಿಲ್ಲ.

"ಪಿಸಿಲಾ, ಅವನ ಬಗ್ಗೆ ಏನಾದ್ರೂ ಬರಿ, ವರ್ಷದ ದಿನ ಓದೋಣ" ಎಂದು ಚರ್ಚಿನ ಹೆಂಗಸರು ಹೇಳಿದರು. ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ. ಬರೆಯಲು ಬರುತ್ತದೆ, ಅಲಂಕಾರ ಮಾಡಲು ಬರುವುದಿಲ್ಲ. ಅವನು ಒಳ್ಳೆಯವನಾಗಿದ್ದ ಎಂದು ಪಾದ್ರಿಗಳು ಸಮಾಧಿಯ ಹತ್ತಿರವೇ ಹೇಳಿ ಮುಗಿಸಿದ್ದಾರೆ. ನಾನು ಅವನ ಮೇಜಿನ ವಿಷಯ ಬರೆಯುತ್ತೇನೆ.

ನಮ್ಮ ವಿಮಾನ ನಿಲ್ದಾಣದಲ್ಲಿ ಹೊರಗಿನಿಂದ ಬಂದವರ ಪೆಟ್ಟಿಗೆ ನೋಡುವ ಮೇಜುಗಳು ಎರಡು. ಬಾಗಿಲ ಪಕ್ಕದ್ದು ಲಿಸಿಯಾತೆಯದು. ಇಪ್ಪತ್ತಾರು ವರ್ಷ ಅದರ ಹಿಂದೆ ನಿಂತ. ನಾನು ಅದೇ ಹಜಾರದಲ್ಲಿ ನೆಲ ಒರೆಸುವವಳು. ಆದ್ದರಿಂದ ಇದು ಕೇಳಿದ್ದಲ್ಲ, ಕಂಡದ್ದು.

ಅವನ ಮೈ ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ಭಾನುವಾರ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ. ಉಳಿದ ಆರು ದಿನ ವಿಮಾನದಿಂದ ಇಳಿದವರಿಗೆ ಮಾಡುತ್ತಿದ್ದ. ಪ್ರಯಾಣಿಕರಿಗೆ ತಿಳಿಸಬೇಕಾದ ನಿಯಮಗಳ ಒಂದು ಹಾಳೆ ಸರ್ಕಾರದಿಂದ ಬಂದಿತ್ತು. ಅವನಿಗಿಂತ ಹಿಂದೆ ಇದ್ದವನು ಅದನ್ನು ಗೋಡೆಗೆ ಅಂಟಿಸಿ ಕೈ ತೊಳೆದುಕೊಂಡಿದ್ದ. ಲಿಸಿಯಾತೆ ಅದನ್ನು ಬಾಯಿಪಾಠ ಮಾಡಿ, ತನ್ನದೂ ನಾಲ್ಕು ಮಾತು ಸೇರಿಸಿ, ಸಾಲು ನಿಂತ ತಕ್ಷಣ ಶುರು ಮಾಡುತ್ತಿದ್ದ.

"ಬಂದೋರೇ, ಕೇಳಿ! ಹಸಿ ಮಾಂಸ ಬೇಡ. ಹಣ್ಣು ಬೇಡ. ಜೇನು ಬೇಡ. ಬೀಜ, ಬೇರು, ಮಣ್ಣು ಬೇಡ್ವೇ ಬೇಡ. ನಿಮ್ಮೂರ ಮಣ್ಣು ನಿಮ್ಮೂರಲ್ಲೇ ಚೆಂದ. ಹೆಂಡ ಎರಡು ಬಾಟ್ಲಿ. ಮೂರನೇದು ಸಿಕ್ಕಿದ್ರೆ ನಿಮ್ದೂ ಅಲ್ಲ, ದುರದೃಷ್ಟಕ್ಕೆ ನಂದೂ ಅಲ್ಲ. ನೀರು ಕುದಿಸಿ ಕುಡೀರಿ. ಹಗಲು ಕಚ್ಚೋ ಸೊಳ್ಳೆ ಡೆಂಗಿ ಕೊಡತ್ತೆ, ಅದಕ್ಕೆ ಹೊಸಬ್ರ ರಕ್ತ ಅಂದ್ರೆ ಬಲು ರುಚಿ. ಹವಳ ತರಚಿದ್ರೆ ಇಷ್ಟೇ ತಾನೆ ಅನ್ಬೇಡಿ, ತೊಳೆದು ಔಷಧ ಹಚ್ಚಿ. ದಡಾರದ ಚುಚ್ಚುಮದ್ದು ಹಾಕಿಸ್ಕೊಂಡಿಲ್ದೋರು ನಮ್ಮ ಕೂಸುಗಳನ್ನ ಎತ್ಕೊಬೇಡಿ. ತೆಂಗಿನ ಮರದ ಕೆಳಗೆ ಮಲಗ್ಬೇಡಿ. ಭಾನುವಾರ ಈಜಬೇಡಿ. ದೇವರು, ಪೊಲೀಸು ಇಬ್ರೂ ಅವತ್ತು ರಜ ಹಾಕಲ್ಲ."

ಇದನ್ನು ಕೇಳಿ ಒಬ್ಬ ಮುದುಕಿ "ಆಮೆನ್" ಎಂದು, ಲಂಗದ ಜೇಬಿನಿಂದ ಎರಡು ಸೇಬು ತೆಗೆದು ಮೇಜಿನ ಪಕ್ಕದ ಬುಟ್ಟಿಗೆ ಹಾಕಿದ್ದಳು. ಅವನ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಮಾತು ಮುಗಿಯುವ ಹೊತ್ತಿಗೆ ಅರ್ಧ ಬುಟ್ಟಿ ತುಂಬಿರುತ್ತಿತ್ತು. ಬೆಟ್ಟ ಹತ್ತಲು ಬಂದ ಬಿಳಿಯರ ಬೂಟಿನ ಅಡಿಯಲ್ಲಿ ಮಣ್ಣಿದ್ದರೆ ಬಿಚ್ಚಿಸಿ, ಬೋಗುಣಿಯಲ್ಲಿ ಬ್ರಷ್ ಹಾಕಿ ತಾನೇ ಉಜ್ಜುತ್ತಿದ್ದ. ಮನೆಯಲ್ಲಿ ಅವನ ಬೂಟು ತೊಳೆಯುತ್ತಿದ್ದವಳು ನಾನು.

ತೊಂದರೆ ಇದ್ದದ್ದು ಒಂದೇ. ಹೆಂಗಸರ ಪೆಟ್ಟಿಗೆ.

ನಮ್ಮಲ್ಲಿ ಗಂಡುಹುಡುಗನಿಗೆ ಹತ್ತು ದಾಟಿದರೆ ಅವನು ಅಕ್ಕತಂಗಿಯರ ಕೋಣೆಗೆ ಕಾಲಿಡುವುದಿಲ್ಲ. ಅವರ ಹಾಸಿಗೆ ಮುಟ್ಟುವುದಿಲ್ಲ, ಬಟ್ಟೆ ಮುಟ್ಟುವುದಿಲ್ಲ. ಅವರ ಎದುರು ಪೋಲಿ ಮಾತು ಕಿವಿಗೆ ಬಿದ್ದರೆ ಎದ್ದು ಹೋಗುತ್ತಾನೆ. ಸ್ವಂತ ಅಕ್ಕತಂಗಿಯರಾದರೆ ಹೇಗೋ ನಿಭಾಯಿಸಬಹುದು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವ ಎಲ್ಲರ ಹೆಣ್ಣುಮಕ್ಕಳೂ ಅಕ್ಕತಂಗಿಯರೇ, ಅಜ್ಜಿಯ ಕಡೆಯವರೂ ಸೇರಿ. ಇಷ್ಟು ಚಿಕ್ಕ ದ್ವೀಪ. ವಿಮಾನದಿಂದ ಇಪ್ಪತ್ತು ಹೆಂಗಸರು ಇಳಿದರೆ ಹದಿನಾಲ್ಕು ಜನ ಲಿಸಿಯಾತೆಯ ಅಕ್ಕತಂಗಿಯರು.

ಹಾಗಾಗಿ ಹೆಂಗಸರು ಮೇಜಿನ ಮುಂದೆ ಬಂದರೆ ಅವನು ಮೊದಲು ಕೇಳುತ್ತಿದ್ದದ್ದು ಪಾಸ್‌ಪೋರ್ಟ್ ಅಲ್ಲ.

"ಯಾವೂರು? ತಾಯಿ ಯಾರು? ಅಜ್ಜಿ ಯಾರು?"

ಸಂಬಂಧ ಸಿಕ್ಕಿದರೆ ಪೆಟ್ಟಿಗೆಯನ್ನು ಪಕ್ಕದ ಮೇಜಿಗೆ ತಳ್ಳುತ್ತಿದ್ದ. ಅಲ್ಲಿ ಲೂಸೆ ಎಂಬ ಹೆಂಗಸು ಇದ್ದಳು. ಒಮ್ಮೆ ಕೆಂಪು ಕೂದಲಿನ ಒಬ್ಬ ಬಿಳಿ ಹೆಂಗಸು ಬಂದಳು. ಇವಳ ಬಳಿ ಭಯವಿಲ್ಲ ಎಂದು ಬೀಗದ ಮೇಲೆ ಕೈಯಿಟ್ಟು, ಸುಮ್ಮನೆ ಮಾತಿಗೆಂದು ಅಜ್ಜಿಯ ಊರು ಕೇಳಿದ. ಅವಳು ನಗುತ್ತಾ, ತನ್ನ ತಂದೆಯ ತಾಯಿ ಹಾಅಪೈ ದ್ವೀಪದವಳೆಂದು ಹೇಳಿದಳು. ಹಾಅಪೈ ಅವನ ಅಜ್ಜನ ಊರು. ಬಿಸಿ ಹಂಚು ಮುಟ್ಟಿದವನ ಹಾಗೆ ಕೈ ತೆಗೆದ. ಅವಳಿಗೆ ತನ್ನ ತಪ್ಪೇನೆಂದು ಕೊನೆಗೂ ತಿಳಿಯಲಿಲ್ಲ.

ಲೂಸೆ ಹೆರಿಗೆಗೆ ಹೋದಳು. ಅದೇ ತಿಂಗಳು ಹೊಸ ಮೇಲಧಿಕಾರಿ ಬಂದ. ಹೆಸರು ಸಾತೆಕಿ. ನಮ್ಮವನೇ, ಆದರೆ ಹುಟ್ಟಿ ಬೆಳೆದದ್ದು ಸಿಡ್ನಿಯಲ್ಲಿ. ಪಕ್ಕದ ದೇಶದಲ್ಲಿ ಹಣ್ಣು ಕೊಳೆಸುವ ನೊಣ ಕಾಣಿಸಿಕೊಂಡಿತ್ತು. ಅದು ಇಲ್ಲಿಗೆ ಬಂದರೆ ನಮ್ಮ ತೋಟಗಳು ಮುಗಿದವು. ಸಾತೆಕಿ ಆಜ್ಞೆ ಹೊರಡಿಸಿದ: ಪ್ರತಿ ಪೆಟ್ಟಿಗೆಯನ್ನೂ ತೆರೆಯಬೇಕು, ಅಧಿಕಾರಿಯೇ ಕೈಯಾರೆ ನೋಡಬೇಕು.

ಆಜ್ಞೆ ತಪ್ಪೆಂದು ಲಿಸಿಯಾತೆ ಹೇಳಲಿಲ್ಲ. ನೊಣಕ್ಕೆ ಅವನೂ ಹೆದರಿದ್ದ. ಆದರೆ ಎರಡು ಸಲ ಸಿಕ್ಕಿಬಿದ್ದ. ಎರಡು ಸಲವೂ ದೊಡ್ಡಪ್ಪನ ಮಗಳು ಎಂದು ಬರೀ ಉಪದೇಶ ಕೊಟ್ಟು ಕಳಿಸಿದ್ದ. ಸಾತೆಕಿ ನನ್ನೆದುರೇ ಹೇಳಿದ:

"ನೋಡಿ, ನೀವು ಹಿರಿಯರು. ಅದಕ್ಕೇ ಎರಡು ಸಲ ಬಿಟ್ಟೆ. ಇನ್ನೊಂದು ಪೆಟ್ಟಿಗೆ ಮುಚ್ಕೊಂಡೇ ಹೋದ್ರೆ ನಿಮ್ಮನ್ನ ಬಂದರಿನ ಗೋದಾಮಿಗೆ ಹಾಕ್ತೀನಿ. ಅಲ್ಲಿ ಬರೀ ಕಂಟೇನರು. ಯಾವ ಕಂಟೇನರೂ ನಿಮ್ಮ ತಂಗಿ ಅಲ್ಲ."

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಲಿಸಿಯಾತೆ ಕೆಸುವಿನೆಲೆಯ ಪೊಟ್ಟಣ ಮುಟ್ಟಲಿಲ್ಲ. ಅವನು ಊಟ ಬಿಟ್ಟದ್ದು ನಾನು ಕಂಡದ್ದು ಅದೊಂದೇ ಸಲ.

"ಪಿಸಿಲಾ, ಕಂಟೇನರಿಗೆ ಕಿವಿ ಇರತ್ತೇನೇ?" ಎಂದ.

"ಇಲ್ಲ."

"ಮತ್ತೆ ನಾನು ಅಲ್ಲಿ ಯಾರ ಹತ್ರ ಮಾತಾಡ್ಲಿ?"

ಮನೆಯಲ್ಲಿ ನನ್ನ ಹತ್ತಿರ ಅಷ್ಟೇನೂ ಮಾತಾಡುತ್ತಿರಲಿಲ್ಲ. ಇರುವ ಮಾತೆಲ್ಲ ಮೇಜಿಗೇ ಖರ್ಚಾಗುತ್ತಿತ್ತು. ಗೋದಾಮಿಗೆ ಹಾಕಿದರೆ ಈ ಮನುಷ್ಯ ಒಂದು ವರ್ಷದಲ್ಲಿ ಒಣಗಿಹೋಗುತ್ತಾನೆ ಎಂದು ಮಾತ್ರ ನನಗೆ ಅನ್ನಿಸಿತು.

ಆಗಲೇ ಲೋಸಲೀನೆಯ ಫೋನು ಬಂತು. ಲೋಸಲೀನೆ ಲಿಸಿಯಾತೆಯ ಸ್ವಂತ ಅಕ್ಕ, ಆಕ್ಲೆಂಡಿನಲ್ಲಿ ಮನೆ. ಶನಿವಾರ ನಮ್ಮ ಮಗಳು ಹಿಂಗಾನೊಳ ಮದುವೆ. ಸೋದರತ್ತೆ ಬಂದು ಎಲ್ಲರಿಗಿಂತ ಮೇಲೆ ಕೂರದೆ ಮದುವೆ ನಡೆಯುವುದಿಲ್ಲ. ಒಳ್ಳೆಯ ಚಾಪೆ ಅವಳಿಗೆ, ಕೇಕಿನ ಮೇಲಂತಸ್ತು ಅವಳಿಗೆ. ತಮ್ಮನ ಮನೆಯಲ್ಲಿ ಏನನ್ನಾದರೂ ನೋಡಿ "ಇದು ಚೆನ್ನಾಗಿದೆ" ಎಂದರೆ ಸಾಕು, ಅದು ಅವಳದು. ಹಿಂದೊಮ್ಮೆ ನನ್ನ ಹೊಲಿಗೆ ಯಂತ್ರಕ್ಕೆ ಹಾಗೆ ಹೇಳಿದ್ದಳು. ಅವಳಿಗೆ ಹೊಲಿಯಲು ಬರುವುದಿಲ್ಲ.

"ಬುಧವಾರ ಬರ್ತಾಳಂತೆ" ಎಂದ ಲಿಸಿಯಾತೆ, ಸಾವಿನ ಸುದ್ದಿ ಹೇಳುವವನ ಹಾಗೆ.

"ಅವತ್ತು ರಜ ಹಾಕು."

"ಕೇಳ್ದೆ. ಲೂಸೆ ಇಲ್ಲ, ಕೊಡಲ್ಲ ಅಂದ."

"ಹಾಗಾದ್ರೆ ಅವಳಿಗೆ ಹೇಳು, ಬರೀಗೈಲಿ ಬಾ ಅಂತ."

"ಅಕ್ಕಂಗೆ ಹಾಗೆ ಮಾಡು, ಹೀಗೆ ಮಾಡು ಅಂತ ನಾನು ಹೇಳೋದಾ?" ಎಂದ. ನಾನು ರಾಣಿಗೆ ಕಸ ಗುಡಿಸಲು ಹೇಳು ಎಂದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ವಿಮಾನ ಬಂತು. ಎರಡನೇ ಮೇಜು ಮುಚ್ಚಿತ್ತು. ಸಾತೆಕಿ ತಪಾಸಣೆಯ ಪುಸ್ತಕ ಹಿಡಿದು ಲಿಸಿಯಾತೆಯ ಪಕ್ಕದಲ್ಲೇ ನಿಂತಿದ್ದ. ನಾನು ಬೇಕೆಂದೇ ಆ ಮೇಜಿನ ಸುತ್ತಲೇ ನೆಲ ಒರೆಸುತ್ತಿದ್ದೆ. ಅಷ್ಟು ಶುಭ್ರವಾದ ನೆಲ ಆ ನಿಲ್ದಾಣ ಅದಕ್ಕೆ ಮೊದಲು ಕಂಡಿರಲಿಲ್ಲ.

ಲೋಸಲೀನೆ ಸಾಲಿನ ನಡುವೆ ಬರುತ್ತಿದ್ದಳು. ತಲೆಯ ಮೇಲೆ ಹೂವಿನ ಟೋಪಿ, ಒಂದು ಕೈಯಲ್ಲಿ ಬಕೆಟ್ ತುಂಬ ಕರಿದ ಕೋಳಿ, ಇನ್ನೊಂದು ಕೈಯಲ್ಲಿ ಹಗ್ಗ ಬಿಗಿದ ನೇರಳೆ ಪೆಟ್ಟಿಗೆ. ಮೇಜಿನ ಮೇಲೆ ಪೆಟ್ಟಿಗೆ ಇಟ್ಟಳು. ಲಿಸಿಯಾತೆ ತಲೆ ತಗ್ಗಿಸಿದ.

"ತೆರೀರಿ" ಎಂದ ಸಾತೆಕಿ.

"ಇವ್ರು ನಮ್ಮಕ್ಕ" ಎಂದ ಲಿಸಿಯಾತೆ.

"ಒಳ್ಳೇದೇ ಆಯ್ತು. ಮನೆಯೋರೇ ಅಲ್ವಾ, ಸುಲಭ."

ಲಿಸಿಯಾತೆ ನನ್ನ ಕಡೆ ನೋಡಿದ. "ಪಿಸಿಲಾ ತೆಗೀಲಿ, ನಾನು..."

"ಅವಳ ಒದ್ದೆ ಕೈ ನನ್ನ ಪೆಟ್ಟಿಗೆಗಾ?" ಎಂದಳು ಲೋಸಲೀನೆ.

"ನೆಲ ಒರೆಸೋರು ಅಧಿಕಾರಿ ಅಲ್ಲ" ಎಂದ ಸಾತೆಕಿ. "ಲಿಸಿಯಾತೆಯವ್ರೇ, ನೀವೇ ತೆರೀಬೇಕು. ಇಲ್ದಿದ್ರೆ ನಾಳೆಯಿಂದ ಗೋದಾಮು. ನಾನು ಸುಮ್ನೆ ಹೇಳ್ತಿಲ್ಲ."

ಲಿಸಿಯಾತೆಯ ಕೈ ಮೇಲೆದ್ದಿತು, ಹಗ್ಗದ ಹತ್ತಿರ ಹೋಯಿತು, ವಾಪಸು ಬಂತು. ಸಾತೆಕಿಗೆ ಅಯ್ಯೋ ಅನ್ನಿಸಿರಬೇಕು. ಧೈರ್ಯ ತುಂಬಲು ಅವನ ಬೆನ್ನು ತಟ್ಟಿ, ಇಡೀ ಹಜಾರಕ್ಕೆ ಕೇಳುವ ಹಾಗೆ ಅಂದ:

"ಒಳಗೆ ಏನಿದೆ ಅಂತ ಇಷ್ಟು ನಾಚ್ಕೆ? ಬರೀ ಒಳಲಂಗ, ಬಾಡಿ ತಾನೆ? ನಿಮ್ಮಕ್ಕನ ಒಳಲಂಗ ನೋಡಿದ್ರೆ ನಿಮ್ಮ ಕಣ್ಣೇನು ಕಿತ್ತೋಗಲ್ಲ."

ಅಕ್ಕತಂಗಿಯರ ಎದುರು ಪೋಲಿ ಮಾತು ಬಿದ್ದಿತ್ತು.

ಮೊದಲು ಹೋದವನು ಬಾಗಿಲ ಕಾನ್‌ಸ್ಟೇಬಲ್. ಅವನು ಲೋಸಲೀನೆಯ ಚಿಕ್ಕಪ್ಪನ ಮಗ. ಟೋಪಿ ತೆಗೆದುಕೊಂಡು ಮಾತಿಲ್ಲದೆ ಹೊರನಡೆದ. ಹಿಂದೆಯೇ ಸಾಮಾನು ಗಾಡಿ ತಳ್ಳುವ ಇಬ್ಬರು ಅಣ್ಣತಮ್ಮಂದಿರು ಹೋದರು. ಬಂದವರನ್ನು ಸ್ವಾಗತಿಸಲು ಗಿಟಾರು ಬಾರಿಸುತ್ತಿದ್ದ ಮೂವರು ಹಾಡಿನ ನಡುವೆಯೇ ಎದ್ದರು. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನು ಎತ್ತಿದ ಮುದ್ರೆಯನ್ನು ಕೆಳಗಿಡಲೂ ಮರೆತು, ಅದನ್ನು ಹಿಡಿದುಕೊಂಡೇ ಹೊರಟ. ಸಾಲಿನಲ್ಲಿದ್ದ ನಮ್ಮ ಗಂಡಸರಲ್ಲಿ ಎಂಟು ಹತ್ತು ಜನ ಪೆಟ್ಟಿಗೆ ಬಿಟ್ಟು ಹೋದರು. ಬೆಂಕಿ ಬಿದ್ದಿದೆ ಎಂದುಕೊಂಡು ನಾಲ್ವರು ಬಿಳಿಯರೂ ಅವರ ಹಿಂದೆ ಓಡಿದರು. ಎರಡು ನಿಮಿಷದಲ್ಲಿ ನಿಲ್ದಾಣ ನಿಂತುಹೋಯಿತು.

ಲಿಸಿಯಾತೆಯೂ ಹೋಗಬೇಕಿತ್ತು. ಆದರೆ ವಿಮಾನ ಬಂದಿರುವಾಗ ಅಧಿಕಾರಿ ಮೇಜು ಬಿಟ್ಟು ಕದಲುವ ಹಾಗಿಲ್ಲ, ಅದೂ ನಿಯಮ. ಇರಲೂ ಆಗದೆ, ಹೋಗಲೂ ಆಗದೆ, ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಸಾತೆಕಿ ಬಾಯಿ ತೆರೆದುಕೊಂಡು ಖಾಲಿ ಬಾಗಿಲು ನೋಡುತ್ತಿದ್ದ. ಲೋಸಲೀನೆ ಕೋಳಿಯ ಬಕೆಟ್ಟನ್ನು ಪೆಟ್ಟಿಗೆಯ ಪಕ್ಕ ಇಟ್ಟಳು.

"ಯಾರ ಮಗನೋ ನೀನು?"

"ಅದಕ್ಕೂ ಇದಕ್ಕೂ..."

"ಯಾರ ಮಗ ಅಂದೆ."

"ಹ್ಯಾನಿತೇಲಿ ಅಂತ. ಸಿಡ್ನೀಲಿದಾರೆ."

"ಅವನ ತಾಯಿ?"

"ಫೂಸಿ. ಕೊಲೊಂಗಾದವ್ರಂತೆ."

"ಅಂತೆ!" ಎಂದಳು ಲೋಸಲೀನೆ. "ಅಜ್ಜಿ ಊರು ಅಂತೆ ಕಂತೆ ಮಾಡ್ಕೊಂಡು ನಮ್ಮ ಪೆಟ್ಟಿಗೆ ತೆರ್ಯೋಕೆ ಬಂದ. ಫೂಸಿ ನಮ್ಮಮ್ಮನ ದೊಡ್ಡಮ್ಮನ ಮಗಳು ಕಣೋ. ನಿಮ್ಮಪ್ಪ ನಂಗೆ ತಮ್ಮ ಆಗ್ಬೇಕು. ನಾನು ನಿಂಗೆ ಸೋದರತ್ತೆ."

ಸಾತೆಕಿ ಸಿಡ್ನಿಯಲ್ಲಿ ಬೆಳೆದವನಾದರೂ ಸೋದರತ್ತೆ ಎಂದರೆ ಏನೆಂದು ಅವನ ಅಪ್ಪ ಕಲಿಸಿದ್ದ. ಪುಸ್ತಕ ಎದೆಗೆ ಒತ್ತಿಕೊಂಡ.

"ಈಗ ಬರ್ಕೋ" ಎಂದಳು. "ಲಿಸಿಯಾತೆ ಈ ಮೇಜಲ್ಲೇ ಇರ್ತಾನೆ. ಪೆಟ್ಟಿಗೆ ಮುಚ್ಕೊಂಡೇ ಇರತ್ತೆ. ಬರ್ದ್ಯಾ?"

"ಬರೀತೀನಿ ಅತ್ತೆ."

ಇಲ್ಲಿಗೆ ಮುಗಿಯಿತು, ಮೇಜು ಉಳಿಯಿತು ಎಂದು ನಾನು ಒರೆಸುವ ಕೋಲಿಗೆ ಒರಗಿ ಉಸಿರುಬಿಟ್ಟೆ. ಆಗ ಗೋಡೆಯ ಕಡೆಯಿಂದ ಧ್ವನಿ ಬಂತು.

"ಇಲ್ಲ ಅಕ್ಕ."

ಹುಟ್ಟಿದಾಗಿನಿಂದ ಅವನು ಅವಳಿಗೆ ಇಲ್ಲ ಎಂದದ್ದು ಅದೇ ಮೊದಲು.

"ಏನಂದೆ?"

"ಪೆಟ್ಟಿಗೆ ಮುಚ್ಕೊಂಡೇ ಹೋದ್ರೆ ನಾನೇ ನಾಳೆ ಗೋದಾಮಿಗೆ ಹೋಗ್ತೀನಿ. ಎಲ್ರ ಸೇಬು, ಎಲ್ರ ಜೇನು ಬುಟ್ಟಿಗೆ ಹಾಕ್ಸಿದೀನಿ. ನಮ್ಮಕ್ಕನ್ದು ಮಾತ್ರ ಬಿಟ್ಟೆ ಅಂದ್ರೆ ನಾಳೆ ಯಾವ ಬಾಯಲ್ಲಿ ಮಾತಾಡ್ಲಿ?" ಗೋಡೆಗೇ ಹೇಳುತ್ತಿದ್ದ. "ನಾನು ತಿರುಗಲ್ಲ, ಮುಟ್ಟಲ್ಲ. ನೀನೇ ತೆಗಿ. ನಾನು ಕೇಳ್ತೀನಿ, ನೀನು ಹೇಳು. ನೀನು ಹೇಳಿದ್ದನ್ನ ಬರ್ದು ಕೆಳಗೆ ನನ್ನ ಹೆಸರು ಹಾಕ್ತೀನಿ."

ಲೋಸಲೀನೆ ನನ್ನನ್ನು ನೋಡಿದಳು, ನಾನು ಕಲಿಸಿಕೊಟ್ಟೆನೋ ಎಂಬಂತೆ. ಆಮೇಲೆ ಹಗ್ಗ ಬಿಚ್ಚಿದಳು.

"ಕೇಳು" ಎಂದಳು.

"ಮೂರು ವಾರದಲ್ಲಿ ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ?"

"ಮಂಡಿ ನೋವು."

"ಅದು ಹಾಳೇಲಿಲ್ಲ ಅಕ್ಕ."

"ಇಲ್ದಿದ್ರೆ ಸೇರ್ಸು. ಮೆಟ್ಟಲು ಹತ್ತಕ್ಕಾಗಲ್ಲ."

"ಸಾತೆಕಿ, ಮಂಡಿ ನೋವು ಅಂತ ಬರ್ಕೊಳಿ. ಹಸಿ ಮಾಂಸ?"

"ಸಾಸೇಜು, ಎರಡು ಕಟ್ಟು. ಹಿಂಗಾನೊಗೆ ಇಷ್ಟ."

"ಬುಟ್ಟಿಗೆ. ಬೆಂದ ಮಾಂಸ?"

"ಕೋಳಿ."

"ಪೂರ್ತಿ ಬೆಂದಿದ್ಯಾ?"

"ಸಾತೆಕಿ, ತಿಂದ್ನೋಡು" ಎಂದಳು. ಸಾತೆಕಿ ಒಂದು ಕಾಲು ತೆಗೆದುಕೊಂಡು ಕಚ್ಚಿದ.

"ಬೆಂದಿದೆ ಅತ್ತೆ."

"ಜೇನು?" ಎಂದ ಗೋಡೆಯ ಕಡೆಯವನು.

"ಇದೆ. ಗಂಟಲಿಗೆ."

"ಗಂಟಲು ಬರಬಹುದು, ಜೇನು ಬರೋ ಹಾಗಿಲ್ಲ. ಬುಟ್ಟಿಗೆ. ಇನ್ನೇನಿದೆ?"

"ಬಟ್ಟೆ."

"ಆಮೇಲೆ?"

"ಬಟ್ಟೆ ಅಂದ್ನಲ್ಲ. ಇನ್ನೂ ಬಟ್ಟೆ." ಅವಳು ಒಂದೊಂದೇ ತೆಗೆದು ಮೇಜಿನ ಮೇಲೆ ಪೇರಿಸುತ್ತಿದ್ದಳು. ಸಾತೆಕಿ ಕೋಳಿಯ ಕಾಲಿನ ಮೇಲೆಯೇ ಕಣ್ಣು ನೆಟ್ಟಿದ್ದ. ಬುದ್ಧಿ ಬಂದಿತ್ತು.

"ಚಪ್ಪಲಿಗೆ ಮಣ್ಣು?"

"ಹೊಸಾ ಚಪ್ಪಲಿ."

"ಬೀಜ, ಬೇರು, ಗಿಡ?"

ಲೋಸಲೀನೆಯ ಕೈ ಪೆಟ್ಟಿಗೆಯ ತಳದಲ್ಲಿ ನಿಂತಿತು. ನಾನು ಹತ್ತಿರವೇ ಇದ್ದೆ, ನನಗೆ ಕಂಡಿತು. ಒದ್ದೆ ಬಟ್ಟೆ ಸುತ್ತಿದ ಒಂದು ಸಣ್ಣ ಸಸಿ. ಹೊಳಪಿನ ಎಲೆ ನೋಡಿದ ತಕ್ಷಣ ಯಾವುದೆಂದು ತಿಳಿಯಿತು. ಸಿಯಾಲೆ ಹೂವಿನ ಗಿಡ. ನನ್ನ ಅತ್ತೆ, ಅಂದರೆ ಇವರಿಬ್ಬರ ತಾಯಿ, ಬಾಗಿಲಲ್ಲಿ ಬೆಳೆಸಿದ್ದಳು. ಲೋಸಲೀನೆ ಮದುವೆಯಾಗಿ ಹೋಗುವಾಗ ಅದರ ಒಂದು ಕೊಂಬೆ ಒಯ್ದಿದ್ದಳು. ಇಲ್ಲಿಯ ಗಿಡ ಚಂಡಮಾರುತಕ್ಕೆ ಬುಡಸಮೇತ ಹೋಯಿತು. ತಾಯಿಯೂ ಅದೇ ವರ್ಷ ಹೋದಳು. ಉಳಿದದ್ದು ಆ ಕೊಂಬೆಯ ಈ ಸಸಿಯೊಂದೇ.

"ಅಕ್ಕಾ? ಗಿಡ ಇದ್ಯಾ?"

ಅವಳು ನನ್ನ ಮುಖ ನೋಡಿದಳು. ಇಲ್ಲ ಅನ್ನು ಎಂದು ನಾನು ಕಣ್ಣಲ್ಲೇ ಹೇಳಿದೆ. ಇದನ್ನು ಚರ್ಚಿನಲ್ಲಿ ಓದುವಾಗ ಬೇಕಾದರೆ ಬಿಟ್ಟುಬಿಡಿ. ಸಾತೆಕಿ ಎಲುಬು ಚೀಪುತ್ತಿದ್ದ. ಅವಳು ಇಲ್ಲ ಎಂದರೆ ಇಲ್ಲ. ಯಾರಿಗೂ ತಿಳಿಯುತ್ತಿರಲಿಲ್ಲ.

"ನೀನು ಇಲ್ಲ ಅಂದ್ರೆ ಇಲ್ಲ ಅಂತಲೇ ಬರೀತೀನಿ" ಎಂದ ಲಿಸಿಯಾತೆ. ಧ್ವನಿ ಸಣ್ಣದಾಗಿತ್ತು. ಅಷ್ಟು ಸಣ್ಣ ಧ್ವನಿ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಲೋಸಲೀನೆ ಸಸಿಯ ಒದ್ದೆ ಬಟ್ಟೆ ಬಿಚ್ಚಿದಳು.

"ಇದೆ" ಎಂದಳು. "ಅಮ್ಮನ ಸಿಯಾಲೆ."

ಅವನ ಭುಜ ಅಲುಗಲಿಲ್ಲ.

"ಬೇರಲ್ಲಿ ಮಣ್ಣಿದ್ಯಾ?"

"ಇದೆ."

"ಬುಟ್ಟಿಗೆ ಅಕ್ಕ."

ಅವಳು ಸಸಿಯನ್ನು ಎತ್ತಿ, ಸಾಸೇಜಿನ ಮೇಲೆ ಬೀಳದಂತೆ ಪಕ್ಕದಲ್ಲಿ ಇಟ್ಟಳು. ಆಮೇಲೆ ಖಾಲಿ ಪೆಟ್ಟಿಗೆಯನ್ನು ಮಗುಚಿ, ತಳಕ್ಕೆ ಎರಡು ಸಲ ಗುದ್ದಿದಳು.

"ಖಾಲಿ. ನಿನ್ನ ಹೆಸರು ಹಾಕೋ, ಲಿಸಿಯಾತೆ. ನೆಟ್ಟಗೆ ಹಾಕು."

ಸಾತೆಕಿ ಪುಸ್ತಕವನ್ನು ಅವನ ಬೆನ್ನ ಹಿಂದಿನಿಂದ ಚಾಚಿದ. ಲಿಸಿಯಾತೆ ತಿರುಗದೆ ಅದನ್ನು ಗೋಡೆಗೆ ಒತ್ತಿ ಸಹಿ ಮಾಡಿದ. ಕೈಯಾರೆ ನೋಡಿದ್ದು ಎಂಬ ಸಾಲನ್ನು ಸಾತೆಕಿ ಹೊಡೆದುಹಾಕಿ, 'ಪೂರ್ತಿ ಖಾಲಿ ಮಾಡಿಸಿದ್ದು' ಎಂದು ಬರೆದ. ಮುಂದೆ ಹೆಂಗಸರ ಪೆಟ್ಟಿಗೆಗೆಲ್ಲ ಅದೇ ಸಾಲು ಆಯಿತು. ಗೋದಾಮಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಬಟ್ಟೆ ತುಂಬಲು ನಾನು ಕೈ ಹಾಕಿದೆ. ಈ ಸಲ ಲೋಸಲೀನೆ ಒದ್ದೆ ಕೈ ಎನ್ನಲಿಲ್ಲ. "ಇದನ್ನ ಕೆಳಗೆ ಮಡಿಸು" ಎಂದಳು, ಅಷ್ಟೇ. ಸಾತೆಕಿ ಪೆಟ್ಟಿಗೆ ಹೊತ್ತ.

"ಶನಿವಾರ ಬೆಳಿಗ್ಗೆ ಬಾ" ಎಂದು ಅವನಿಗೆ ಹೇಳುತ್ತ ಹೊರನಡೆದಳು. "ಹಂದಿ ಸುಡೋಕೆ ಜನ ಬೇಕು. ಕೆಟ್ಟ ಬಾಯಿ ಮನೇಲಿ ಬಿಟ್ಟು ಬಾ."

ಮೇಜಿನ ಹತ್ತಿರ ಉಳಿದವರು ನಾವಿಬ್ಬರೇ. ಅವನಿನ್ನೂ ಗೋಡೆಗೆ ಮುಖ ಮಾಡಿಯೇ ನಿಂತಿದ್ದ.

"ತಿರುಗು" ಎಂದೆ. "ಹೋದಳು."

ತಿರುಗಿದ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬುಟ್ಟಿಯ ಕಡೆ ನೋಡಲಿಲ್ಲ.

"ಮೊಗ್ಗು ಬಿಟ್ಟಿತ್ತೇನೇ?"

"ಒಂದು."

ಬುಟ್ಟಿಯನ್ನು ಹಿತ್ತಲ ಒಲೆಗೆ ಒಯ್ದು ಸುಡುವುದು ನನ್ನ ಕೆಲಸ. ಅವತ್ತು ಕೊಡಲಿಲ್ಲ. ತಾನೇ ಹೆಗಲಿಗೇರಿಸಿಕೊಂಡು ಹೋದ. ಬರುವಾಗ ಕಣ್ಣು ಕೆಂಪಗಿತ್ತು. ಹೊಗೆ ಎಂದ. ನಾನು ಹೂಂ ಎಂದೆ.

ಹೊರಗೆ ಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದ್ದರು. ಮುದ್ರೆಯವನು ಮುದ್ರೆ ತಂದ. ಬಿಳಿಯರು ಬೆಂಕಿ ಎಲ್ಲಿ ಎಂದು ಕೇಳುತ್ತಿದ್ದರು. ಲಿಸಿಯಾತೆ ಕೈ ತೊಳೆದು, ನಮ್ಮ ಗಂಡಸರು ಕೆಲಸಕ್ಕೆ ಮರ್ಯಾದೆಗೆಂದು ಸುತ್ತುವ ಸೊಂಟದ ಚಾಪೆ ಸರಿಮಾಡಿಕೊಂಡು, ಮೇಜಿನ ಹಿಂದೆ ಹೋಗಿ ನಿಂತ. ಅಲ್ಲಿ ಅವನು ಇನ್ನೂ ಒಂಬತ್ತು ವರ್ಷ ನಿಲ್ಲುವುದಿತ್ತು.

"ಬಂದೋರೇ, ಕೇಳಿ!" ಎಂದ. ಬೀಜ, ಬೇರು ಎನ್ನುವಲ್ಲಿ ತಡವರಿಸಿದ. ಕೆಮ್ಮಿ, ಮತ್ತೆ ಮೊದಲಿನಿಂದ ಶುರು ಮಾಡಿದ.